ಬಾಳೆ ತಳಿ ಆಯ್ಕೆ: ತೂಕವೊಂದೇ ಗುಣವಲ್ಲ

ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳಲ್ಲಿ ನೀರಿನ ಅನುಕೂಲವಿರುವ ರೈತರು ಬಾಳೆ ಹಾಕುವ ಮುನ್ನ ಕೇಳುವ ಮೊದಲ ಪ್ರಶ್ನೆ, ಗೊನೆ ಎಷ್ಟು ತೂಗುತ್ತದೆ ಎಂಬುದು. ಇದರೊಂದಿಗೆ ಇನ್ನೆರಡು ಪ್ರಶ್ನೆಗಳನ್ನು ಕೇಳಬೇಕು. ನಮ್ಮ ಬಿಸಿಲಿನಲ್ಲಿ ಹಣ್ಣು ಹೇಗೆ ಮಾಗುತ್ತದೆ? ತಿನ್ನುವವರಿಗೆ ಅದರಿಂದ ಏನು ದೊರೆಯುತ್ತದೆ?

ತಳಿಗಳ ಗುಣ

ಜಿ-9: ಅಂಗಾಂಶ ಕೃಷಿಯ ಸಸಿ. ಚೆನ್ನಾಗಿ ಬೆಳೆದರೆ ಗೊನೆ 25-30 ಕಿ.ಗ್ರಾಂ. ತೂಗುತ್ತದೆ. ಕಾಯಿ ಒಂದೇ ಸಮನಾಗಿರುವುದರಿಂದ ದೂರದ ಪೇಟೆಗೆ ಒಪ್ಪುತ್ತದೆ.

ರಾಜಾಪುರಿ: ಗಿಡ ಗಿಡ್ಡ, ಕಾಂಡ ಗಟ್ಟಿ. ಗಾಳಿಯನ್ನು ತಾಳಿಕೊಳ್ಳುತ್ತದೆ. ಹಣ್ಣು ಸಿಹಿ.

ಏಲಕ್ಕಿ ಬಾಳೆ: ಹಣ್ಣು ಸಣ್ಣದು, ಸಿಪ್ಪೆ ತೆಳು, ತಿರುಳು ಗಟ್ಟಿ, ಸಿಹಿ ಹೆಚ್ಚು. ಆದರೆ ಪನಾಮ ಸೊರಗು ರೋಗಕ್ಕೆ ತುತ್ತಾಗುತ್ತದೆ.

ಕಮಲಾಪುರ ಕೆಂಪು ಬಾಳೆ: ನಮ್ಮ ಕಲಬುರಗಿ ಜಿಲ್ಲೆಯದೇ ಆದ ಈ ತಳಿ ಭೌಗೋಳಿಕ ಗುರುತು ಪಡೆದಿದೆ. ಗಿಡ ಎತ್ತರ; ಬೆಳೆ ಕೈಗೆ ಬರಲು ಸುಮಾರು 18 ತಿಂಗಳು ಬೇಕು. ಈ ಹೆಚ್ಚಿನ ಕಾಲದ ಖರ್ಚನ್ನು ಬೆಲೆ ತುಂಬಿಕೊಡುವುದೇ ಎಂದು ಮೊದಲೇ ಲೆಕ್ಕ ಹಾಕಬೇಕು.

ಪೋಷಕಾಂಶಗಳು

100 ಗ್ರಾಂ ಮಾಗಿದ ತಿರುಳಿನಲ್ಲಿ ಮುಕ್ಕಾಲು ಭಾಗ ನೀರು. ಸುಮಾರು 23 ಗ್ರಾಂ ಶರ್ಕರಪಿಷ್ಟ, 1 ಗ್ರಾಂ ಸಸಾರಜನಕ, 350 ಮಿ.ಗ್ರಾಂ. ಪೊಟ್ಯಾಷಿಯಂ ಇರುತ್ತವೆ. ತಳಿಯಿಂದ ತಳಿಗೆ ಇವುಗಳಲ್ಲಿ ಅಂತರ ಹೆಚ್ಚಿಲ್ಲ. ಕೆಂಪು ಬಾಳೆಯ ತಿರುಳಿನಲ್ಲಿ ಕೆರೋಟಿನ್ ಅಂಶ ಅಧಿಕ. ಸಿಪ್ಪೆಯ ಕೆಂಪು ಬಣ್ಣ ಮಾತ್ರ ಸಿಪ್ಪೆಯೊಂದಿಗೇ ಹೋಗುತ್ತದೆ. ಅದನ್ನು ನೋಡಿ ಶಕ್ತಿಯನ್ನು ಅಳೆಯಬಾರದು.

ಮಾಗಿಸುವ ಕ್ರಮ

ಕಾಯಿಯಲ್ಲಿರುವ ಪಿಷ್ಟವು ಮಾಗುವಾಗ ಸಕ್ಕರೆಯಾಗುತ್ತದೆ. ಜಿ-9 ಜಾತಿಯ ಕಾಯಿಯನ್ನು ಸುಮಾರು 25 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಶಾಖದಲ್ಲಿ ಮಾಗಿಸಿದರೆ ಒಳಗೆ ತಿರುಳು ಮೆತ್ತಗಾದರೂ ಸಿಪ್ಪೆ ಹಸಿರಾಗಿಯೇ ಉಳಿಯುತ್ತದೆ. ಬೇಸಿಗೆಯಲ್ಲಿ ಭಾರವಾದ ಗೊನೆಗೂ ಬೆಲೆ ಕುಸಿಯಲು ಇದೊಂದು ಕಾರಣ. 16-18 ಡಿಗ್ರಿ ಶಾಖದ ಕೋಣೆಯಲ್ಲಿ 100 ಪಿ.ಪಿ.ಎಂ. ಎಥಿಲೀನ್ ಅನಿಲಕ್ಕೆ 24 ಗಂಟೆ ಒಡ್ಡಿ, ನಂತರ ಗಾಳಿಯಾಡಿಸಿದರೆ ಸಿಪ್ಪೆ ಸಮನಾಗಿ ಹಳದಿಯಾಗುತ್ತದೆ. 13 ಡಿಗ್ರಿಗಿಂತ ತಂಪಾದರೆ ಸಿಪ್ಪೆ ಕಪ್ಪಾಗುತ್ತದೆ. ಕ್ಯಾಲ್ಸಿಯಂ ಕಾರ್ಬೈಡ್‌ನಲ್ಲಿ ಆರ್ಸೆನಿಕ್ ವಿಷದ ಅಂಶವಿರಬಹುದಾದ್ದರಿಂದ ಅದರ ಬಳಕೆ ನಿಷಿದ್ಧ.

ರೈತರು ಗಮನಿಸಬೇಕಾದುದು

ದೂರದ ಪೇಟೆಗಾದರೆ ಕಾಯಿ ಮುಕ್ಕಾಲು ಬಲಿತಾಗ ಕಡಿಯಿರಿ. ಹತ್ತಿರದ ಸಂತೆಗಾದರೆ ಕಾಯಿಯ ಏಣುಗಳು ದುಂಡಗಾಗುವವರೆಗೆ ಬಿಡಿರಿ. ಮಾಗಿಸುವ ಕೋಣೆಯ ಅನುಕೂಲವಿಲ್ಲದವರು ಜಿ-9 ಕಟಾವು ಏಪ್ರಿಲ್-ಮೇ ತಿಂಗಳಿಗೆ ಬಾರದಂತೆ ನಾಟಿಯ ಕಾಲವನ್ನು ಹೊಂದಿಸಿಕೊಳ್ಳಬೇಕು. ಸಸಿ ತರುವ ಮೊದಲೇ ಕೊಳ್ಳುವವರನ್ನು ವಿಚಾರಿಸಿ ತಳಿಯನ್ನು ನಿರ್ಧರಿಸುವುದು ಲಾಭದಾಯಕ.