ಕತ್ತರಿ ತಾಗುವ ಮೊದಲೇ ನೋವಿನ ಮಾತ್ರೆ

ಗರ್ಭಕೋಶ ತೆಗೆಸಿಕೊಳ್ಳಲು ಆಸ್ಪತ್ರೆ ಸೇರಿದವರಿಗೆ ಥಿಯೇಟರಿಗೆ ಕರೆದೊಯ್ಯುವ ಒಂದೆರಡು ಗಂಟೆ ಮೊದಲು ನರ್ಸ್ ಮಾತ್ರೆ ಕೊಟ್ಟು, ‘ಒಂದೇ ಗುಟುಕು ನೀರಲ್ಲಿ ನುಂಗಿ’ ಎನ್ನುವುದುಂಟು. ಸಾಮಾನ್ಯವಾಗಿ ಅದು ಪ್ಯಾರಾಸಿಟಮಾಲ್. ಜೊತೆಗೆ ಸೆಲೆಕಾಕ್ಸಿಬ್‌ನಂಥ ಉರಿಯೂತ ತಗ್ಗಿಸುವ ಮಾತ್ರೆಯೂ ಇರಬಹುದು. ನೋವೇ ಶುರುವಾಗಿಲ್ಲ, ಇದೇಕೆ?

ಪೂರ್ತಿ ಅರಿವಳಿಕೆಯಲ್ಲಿ ನಮಗೆ ಎಚ್ಚರವಿರುವುದಿಲ್ಲ, ಆದರೆ ನರಗಳು ಸುಮ್ಮನಿರುವುದಿಲ್ಲ. ಕೊಯ್ದ ಜಾಗದ ಸುದ್ದಿ ಬೆನ್ನುಹುರಿಗೆ ಹೋಗುತ್ತಲೇ ಇರುತ್ತದೆ. ಸುದ್ದಿ ಬಂದಷ್ಟೂ ಅಲ್ಲಿನ ನರಕೋಶಗಳು ಕೆರಳುತ್ತವೆ. ಎಚ್ಚರವಾದ ಮೇಲೆ ಕೆಮ್ಮಿದರೂ ಮಗ್ಗುಲಾದರೂ ಹೊಟ್ಟೆ ಹಿಂಡಿದಂತಾಗಲು ಇದೂ ಒಂದು ಕಾರಣ. ಕೊಯ್ಯುವ ಮುನ್ನವೇ ನರಗಳನ್ನು ಮರಗಟ್ಟಿಸಬೇಕೆಂದು ಅಮೆರಿಕದ ಸರ್ಜನ್ ಜಾರ್ಜ್ ಕ್ರೈಲ್ 1910ರ ದಶಕದಲ್ಲೇ ವಾದಿಸಿದ್ದರು. ಬೆನ್ನುಹುರಿ ಹೀಗೆ ಕೆರಳುವುದನ್ನು ಇಲಿಗಳಲ್ಲಿ ತೋರಿಸಿಕೊಟ್ಟವರು ಕ್ಲಿಫರ್ಡ್ ವುಲ್ಫ್, 1983ರಲ್ಲಿ. ಅಲ್ಲಿಂದ ಮುಂದೆ ‘ನೋವಿಗಿಂತ ಮೊದಲು ಮದ್ದು’ ಎಂಬುದು ಅರಿವಳಿಕೆ ತಜ್ಞರ ಮೆಚ್ಚಿನ ಮಾತಾಯಿತು.

ಮಾತು ಚೆಂದವಿತ್ತು, ಪರೀಕ್ಷೆಯಲ್ಲಿ ಅಷ್ಟು ಗೆಲ್ಲಲಿಲ್ಲ. ಒಂದೇ ಮದ್ದನ್ನು ಕೆಲವರಿಗೆ ಕೊಯ್ಯುವ ಮೊದಲು, ಕೆಲವರಿಗೆ ಕೊಯ್ದ ಮೇಲೆ ಕೊಟ್ಟು ಹೋಲಿಸಿದ ಹಲವು ಪ್ರಯೋಗಗಳನ್ನು 2002ರಲ್ಲಿ ಒಟ್ಟಿಗೆ ಪರಿಶೀಲಿಸಿದಾಗ, ಹೆಚ್ಚಿನ ಮದ್ದುಗಳಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಗಾಯದ ಉರಿಯೂತ ದಿನಗಟ್ಟಲೆ ಇರುತ್ತದೆ. ಬೆಳಿಗ್ಗೆ ನುಂಗಿದ ಮಾತ್ರೆ ರಾತ್ರಿಯ ಹೊತ್ತಿಗೆ ಕರಗಿ ಹೋಗಿರುತ್ತದೆ.

ಮೂರ್ಛೆರೋಗದ ಮದ್ದು ಗ್ಯಾಬಪೆಂಟಿನ್ನದು ಇನ್ನೊಂದು ಕಥೆ. ಗರ್ಭಕೋಶದ ಆಪರೇಶನ್ನಿಗೆ ಮೊದಲು ಇದನ್ನು ಕೊಟ್ಟರೆ ಮಾರ್ಫಿನ್ ಕಡಿಮೆ ಸಾಕಾಗುತ್ತದೆಂದು ಕೆಲ ಅಧ್ಯಯನಗಳು ಹೇಳಿದ್ದೇ ತಡ, ಬಹಳ ಕಡೆ ಅದು ರೂಢಿಯಾಯಿತು. ಆದರೆ ಎಲ್ಲ ಬಗೆಯ ಶಸ್ತ್ರಚಿಕಿತ್ಸೆಗಳನ್ನು ಒಳಗೊಂಡ 2020ರ ದೊಡ್ಡ ವಿಶ್ಲೇಷಣೆಯ ಪ್ರಕಾರ, ಅದರಿಂದ ತಗ್ಗುವ ನೋವು ರೋಗಿಯ ಅನುಭವಕ್ಕೆ ಬರುವಷ್ಟಿಲ್ಲ. ತಲೆಸುತ್ತು, ಕಣ್ಣು ಮಂಜಾಗುವುದು ಮಾತ್ರ ಹೆಚ್ಚು. ಮಾರ್ಫಿನ್‌ನಂಥ ಮದ್ದಿನ ಜೊತೆ ಸೇರಿದರೆ, ಅದರಲ್ಲೂ ವಯಸ್ಸಾದವರಲ್ಲಿ, ಉಸಿರಾಟ ಕುಗ್ಗಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2019ರಲ್ಲೇ ಎಚ್ಚರಿಸಿತ್ತು. ಎಲ್ಲರಿಗೂ ಕಣ್ಣುಮುಚ್ಚಿ ಕೊಡುವ ಮದ್ದು ಇದಲ್ಲ.

ಹಾಗಾದರೆ ಮೊದಲೇ ಕೊಡುವುದು ದಂಡವೇ? ಅಲ್ಲ. ಬಾಯಿಂದ ತೆಗೆದುಕೊಂಡ ಮದ್ದು ರಕ್ತಕ್ಕೆ ಸೇರಲು ಸಮಯ ಬೇಕು. ಮುಂಚೆಯೇ ನುಂಗಿದ್ದರೆ ಎಚ್ಚರವಾಗುವ ಹೊತ್ತಿಗೆ ಅದು ಕೆಲಸಕ್ಕಿಳಿದಿರುತ್ತದೆ. ಸೆಲೆಕಾಕ್ಸಿಬ್ ರಕ್ತ ಹೆಪ್ಪುಗಟ್ಟಿಸುವ ಕಣಗಳಿಗೆ ಅಡ್ಡಿ ಮಾಡುವುದಿಲ್ಲ, ಹಾಗಾಗಿ ಆಪರೇಶನ್ನಿಗೆ ಮೊದಲು ಕೊಡಲು ಅನುಕೂಲ. ಬೇರೆ ಬೇರೆ ದಾರಿಯಲ್ಲಿ ಕೆಲಸ ಮಾಡುವ ಮದ್ದುಗಳನ್ನು ಸ್ವಲ್ಪ ಸ್ವಲ್ಪ ಬೆರೆಸಿ ಕೊಡಬೇಕೆಂದು ಡೆನ್ಮಾರ್ಕಿನ ಹೆನ್ರಿಕ್ ಕೆಲೆಟ್ ಮತ್ತು ಯೋರ್ಗನ್ ಡಾಲ್ 1993ರಲ್ಲಿ ಬರೆದದ್ದು ಇಂದಿಗೂ ನಿಂತಿದೆ. ಮೊದಲ ಮಾತ್ರೆ ಬರೀ ಆರಂಭ. ಆಮೇಲಿನ ದಿನಗಳಲ್ಲಿ ಹೊತ್ತುಹೊತ್ತಿಗೆ ಮದ್ದು ಸಿಗುವುದೇ ಹೆಚ್ಚು ಮುಖ್ಯ ಎಂಬುದು ನನ್ನ ಎಣಿಕೆ. ನಮ್ಮ ವಾರ್ಡುಗಳಲ್ಲಿ ತಪ್ಪುವುದೂ ಅಲ್ಲೇ: ಚೀಟಿಯಲ್ಲಿ ‘ನೋವಿದ್ದರೆ ಮಾತ್ರ’ ಎಂದಿರುತ್ತದೆ, ಹೆತ್ತವಳಿಗೆ ಇದ್ಯಾವ ನೋವು ಎಂದು ಪಕ್ಕದ ಮಂಚದವರು ಗದರುತ್ತಾರೆ, ಆಕೆ ಹಲ್ಲು ಕಚ್ಚಿ ಮಲಗುತ್ತಾಳೆ.

ಹೊಟ್ಟೆಹುಣ್ಣು, ಕಿಡ್ನಿ, ಹೃದಯ ಅಥವಾ ಲಿವರಿನ ತೊಂದರೆ, ಆಸ್ತಮಾ, ಯಾವುದಾದರೂ ಮದ್ದಿನ ಅಲರ್ಜಿ ಇದ್ದರೆ ಅರಿವಳಿಕೆ ವೈದ್ಯರಿಗೆ ಮೊದಲೇ ಹೇಳಿ. ಮನೆಯಲ್ಲಿ ನುಂಗುವ ಮಾತ್ರೆಗಳನ್ನೂ ತೋರಿಸಿ. ಮುಂದಿನ ಡೋಸ್ ಎಷ್ಟು ಹೊತ್ತಿಗೆ ಎಂದು ಕೇಳಲು ಸಂಕೋಚ ಬೇಡ.