ಜೋಳದ ರೊಟ್ಟಿಯ ಲೆಕ್ಕ

ಹಂಪಿಯ ಅವಶೇಷಗಳ ನಡುವೆ ಭೋಜನಶಾಲೆಯೆಂದು ಕರೆಯುವ ಒಂದು ಸ್ಥಳವುಂಟು. ನೀರು ಹರಿಯುತ್ತಿದ್ದ ಕಲ್ಲಿನ ಕಾಲುವೆಯ ಎರಡು ದಂಡೆಗಳಲ್ಲಿಯೂ ಕಲ್ಲಿನ ತಟ್ಟೆಗಳು ಸಾಲಾಗಿ ಕುಳಿತಿವೆ. ಅನ್ನಕ್ಕೊಂದು ತಗ್ಗು, ವ್ಯಂಜನಗಳಿಗೆ ಸಣ್ಣ ಸಣ್ಣ ತಗ್ಗುಗಳು. ಅವುಗಳಲ್ಲಿ ಉಂಡವರು ಯಾರೋ! ಆದರೆ ಆ ಪಟ್ಟಣದ ಸಾಮಾನ್ಯ ಜನ ಏನನ್ನು ಉಣ್ಣುತ್ತಿದ್ದರೆಂಬುದಕ್ಕೆ ಸಾಕ್ಷ್ಯವಿದೆ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ, ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಪೇಟೆಯ ಧಾನ್ಯಗಳನ್ನು ಎಣಿಸುವಾಗ ಅಕ್ಕಿಯ ಜೊತೆಗೆ ಹೆಸರು, ಹುರುಳಿ ಮೊದಲಾದ ಕಾಳುಗಳನ್ನು ಹೇಳಿ, ಇವು ಸಾಮಾನ್ಯರ ಆಹಾರವೆಂದೂ ಬಲು ಅಗ್ಗವೆಂದೂ ಬರೆದಿದ್ದಾನೆ.

ಆ ಕಾಳುಗಳೇ ಇಂದಿಗೂ ಹೊಸಪೇಟೆ, ಕಂಪ್ಲಿ, ಸಂಡೂರುಗಳಲ್ಲಿ ಕೈ ಬಿಗಿಹಿಡಿದು ಬಾಳುವ ಸಂಸಾರಗಳ ರಾತ್ರಿಯೂಟಕ್ಕೆ ಆಧಾರ. ತಿಂಗಳ ಕೊನೆಯ ವಾರದಲ್ಲಿ ತರಕಾರಿಯ ಬೆಲೆ ಕೇಳಿ ಹಿಂದೆಗೆದವರಿಗೆ ಹುರುಳಿಯಂಥ ಬಂಧು ಮತ್ತೊಂದಿಲ್ಲ. ಐದು ಜನರ ಮನೆಗೆ ಕಾಲು ಕಿಲೋ ಸಾಕು. ಹಿಂದಿನ ರಾತ್ರಿ ನೆನೆಹಾಕಿದ ಕಾಳನ್ನು ಧಾರಾಳವಾಗಿ ನೀರಿಟ್ಟು ಬೇಯಿಸಿ ಬಸಿದರೆ ಕಟ್ಟು ಒಂದು ಕಡೆ, ಕಾಳು ಒಂದು ಕಡೆ. ಕಟ್ಟಿಗೆ ಹುಣಿಸೆಹುಳಿ, ಬೆಳ್ಳುಳ್ಳಿ, ಖಾರ ಸೇರಿ ಒಗ್ಗರಣೆ ಬಿದ್ದರೆ ಅನ್ನಕ್ಕೆ ಸಾರು. ಕಾಳಿಗೆ ಈರುಳ್ಳಿ, ಒಂದಿಷ್ಟು ಶೇಂಗಾಪುಡಿ ಸೇರಿದರೆ ರೊಟ್ಟಿಗೆ ಪಲ್ಯ. ಒಂದೇ ಉರಿಯಲ್ಲಿ ಎರಡು ವ್ಯಂಜನ. ಉಳಿದ ಕಟ್ಟಿನ ಸಾರು ಮರುದಿನ ಕುದಿದಷ್ಟೂ ರುಚಿ. ಇದನ್ನು ಒಪ್ಪದವರೊಡನೆ ನಾನು ವಾದಕ್ಕೆ ಹೋಗುವುದಿಲ್ಲ.

ಇನ್ನೊಂದು ರಾತ್ರಿಗೆ ಪುಂಡಿಪಲ್ಯ. ಸೊಪ್ಪೇ ಹುಳಿಯಾದ್ದರಿಂದ ಹುಣಿಸೆಯ ಖರ್ಚಿಲ್ಲ. ಹಿಡಿ ತೊಗರಿಬೇಳೆ, ಹಿಡಿ ಜೋಳದ ನುಚ್ಚು ಅದರಲ್ಲಿಯೇ ಬೆಂದು ಹದಗೊಳ್ಳುತ್ತವೆ. ಜೋಳದಲ್ಲಿ ಕೊರತೆಯಾಗಿರುವ ಲೈಸಿನ್ ಎಂಬ ಸತ್ತ್ವವನ್ನು ಬೇಳೆಕಾಳುಗಳು ತುಂಬಿಕೊಡುತ್ತವೆಂದು ಆಹಾರಶಾಸ್ತ್ರಜ್ಞರು ಹೇಳುತ್ತಾರೆ. ನಮ್ಮ ಅಜ್ಜಿಯರು ಆ ಹೆಸರನ್ನು ಕೇಳಿದವರಲ್ಲ. ರೊಟ್ಟಿಯ ಪಕ್ಕಕ್ಕೆ ಕಾಳನ್ನು ಬಡಿಸದೆ ಇದ್ದವರೂ ಅಲ್ಲ.

ಆದರೆ ಈ ಅಗ್ಗದ ಊಟದ ಲೆಕ್ಕದಲ್ಲಿ ನಾವು ಬರೆಯದೆ ಬಿಟ್ಟಿರುವ ಒಂದು ಬಾಬ್ತು ಇದೆ. ಅದು ರೊಟ್ಟಿ ಬಡಿಯುವವಳ ದುಡಿಮೆ. ಗೋಧಿಹಿಟ್ಟಿನ ಅಂಟು ಜೋಳದ ಹಿಟ್ಟಿಗಿಲ್ಲ. ಕುದಿಯುವ ಎಸರನ್ನು ಸುರಿದು, ಬಿಸಿಯಾಗಿರುವಾಗಲೇ ನಾದಿ, ಒಂದೊಂದನ್ನೂ ಅಂಗೈಯಿಂದ ಬಡಿದು ಅಗಲಿಸಬೇಕು. ಹಿಟ್ಟು ಹಳತಾದರೆ ಜಿಗಿ ಹೋಗಿ ಅಂಚು ಹರಿಯುತ್ತದೆ. ಆದ್ದರಿಂದ ಸ್ವಲ್ಪ ಸ್ವಲ್ಪವೇ ಬೀಸಿಸಬೇಕು. ಅರ್ಧ ಕಿಲೋ ಹಿಟ್ಟಿಗೆ ಏಳೆಂಟು ರೊಟ್ಟಿಗಳಾಗುತ್ತವೆ. ಐದು ಜನರ ಮನೆಯಲ್ಲಿ ಅಷ್ಟನ್ನು ಬಡಿದು, ಹಂಚಿನ ಮೇಲೆ ಹಾಕಿ, ನೀರಿನ ಅರಿವೆ ಸವರಿ, ತಿರುವಿ, ಉಬ್ಬಿಸಿ ಏಳುವಷ್ಟರಲ್ಲಿ ದಿನವಿಡೀ ಹೊರಗೆ ದುಡಿದು ಬಂದ ಹೆಣ್ಣುಮಗಳ ಸೊಂಟ ಏನಾಗಿರಬೇಕು?

ಅನ್ನಕ್ಕೆ ಈ ತೊಂದರೆಯಿಲ್ಲ. ಅನ್ನ ಈ ಸೀಮೆಗೆ ಹೊಸದೂ ಅಲ್ಲ. ವಿಜಯನಗರದ ಅರಸರ ಕಾಲುವೆಗಳು ನದಿಯ ದಂಡೆಯ ಗದ್ದೆಗಳಿಗೆ ಅಂದಿನಿಂದಲೂ ನೀರುಣಿಸಿವೆ. 1945ರಲ್ಲಿ ಕೆಲಸ ಆರಂಭವಾಗಿ 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟು ಭತ್ತದ ಸೀಮೆಯನ್ನು ಬಹುದೂರ ವಿಸ್ತರಿಸಿತು. 2013ರ ಜುಲೈಯಲ್ಲಿ ಆರಂಭವಾದ ಅನ್ನಭಾಗ್ಯ ಯೋಜನೆ ಬಡವರ ಮನೆಯ ಡಬ್ಬಿಗೆ ಅಕ್ಕಿಯನ್ನು ತುಂಬಿತು. ಅದು ಹಸಿವನ್ನು ತಡೆಯಿತು. ಅದನ್ನು ಹಗುರವಾಗಿ ಆಡುವುದು ಹೊಟ್ಟೆ ತುಂಬಿದವರ ಮಾತು. ಆದರೆ ಇದರಿಂದ ಒಂದು ವಿಚಿತ್ರ ನಡೆದುಹೋಗಿದೆ: ಪಡಿತರದ ಅಕ್ಕಿಗೆ ಹಣ ತೆರಬೇಕಾಗಿಲ್ಲ, ಎರೆಹೊಲದ ಬಿಳಿಜೋಳಕ್ಕೆ ತೆರಬೇಕು. ಬಡವನ ರೊಟ್ಟಿ ಅನ್ನಕ್ಕಿಂತ ದುಬಾರಿಯಾಗಿದೆ.

ಕನಕದಾಸರು ರಾಮಧಾನ್ಯಚರಿತೆಯಲ್ಲಿ ಭತ್ತಕ್ಕೂ ರಾಗಿಗೂ ವ್ಯಾಜ್ಯ ಹೂಡಿಸಿ, ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟು, ರಾಗಿಯನ್ನು ಗೆಲ್ಲಿಸಿದರು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದಾಗಲೂ ತೀರ್ಪು ಹೆಚ್ಚು ಕಡಿಮೆ ಅದೇ. ಸಂಡೂರಿನ ಗಣಿಗೆ ಕೂಲಿಗೆ ಹೋಗುವ ಹೆಂಗಸಿಗೆ ಮಾತ್ರ ಈ ವ್ಯಾಜ್ಯ ಬೇರೆ ಬಗೆಯದು. ಅವಳು ಕೇಳುವುದು ಯಾವುದು ಶ್ರೇಷ್ಠವೆಂದಲ್ಲ. ಇಂದು ರಾತ್ರಿ ಎಂಟು ಗಂಟೆಯೊಳಗೆ ಯಾವುದಾದೀತು ಎಂದು.

ಇದಕ್ಕೆ ಮಧ್ಯಮಾರ್ಗವೊಂದುಂಟು. ಬಿಡುವಿನ ದಿನ ಒಮ್ಮೆಗೇ ಬಡಿದು, ಸಣ್ಣ ಉರಿಯಲ್ಲಿ ಗರಿಗರಿಯಾಗುವಂತೆ ಒಣಗಿಸಿ, ಬಟ್ಟೆಯಲ್ಲಿ ಸುತ್ತಿಟ್ಟ ಕಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಉಳಿದ ದಿನಗಳಲ್ಲಿ ಪಡಿತರದ ಅನ್ನ, ಹುರುಳಿಯ ಕಟ್ಟು, ಪಕ್ಕದಲ್ಲಿ ತಲೆಗೊಂದು ಕಡಕ್ ರೊಟ್ಟಿ ಮತ್ತು ಶೇಂಗಾ ಹಿಂಡಿ. ಬಡಿಯುವ ಕೈಚಳಕ ಬರಲು ತಿಂಗಳುಗಳೇ ಬೇಕಾಗಬಹುದು, ನಿಜ. ಆದರೆ ಹಿಟ್ಟು ನಾದಲು, ಹಂಚಿನ ಮುಂದೆ ಕುಳಿತು ಅರಿವೆ ಸವರಿ ತಿರುವಿಹಾಕಲು ಮನೆಯ ಗಂಡುಮಕ್ಕಳು ಒಂದೇ ಭಾನುವಾರದಲ್ಲಿ ಕಲಿತಾರು.