ಇನ್ನೂರ ಹದಿನಾಲ್ಕು ಕೋಟಿ ಮೀರಿದ ಒಂದು ಸಂಖ್ಯೆ



ಇವತ್ತಿನ ಮಾತು 2147483647 ಎಂಬ ಸಂಖ್ಯೆಯ ಬಗ್ಗೆ. ಮೊದಲು ಕನ್ನಡದಲ್ಲಿ ಓದೋಣ. ಬಲಗಡೆಯಿಂದ ಮೂರು ಅಂಕಿ ಬಿಟ್ಟು, ಆಮೇಲೆ ಎರಡೆರಡು ಅಂಕಿಗೆ ಅಲ್ಪವಿರಾಮ ಹಾಕಿ: 2,14,74,83,647. ಇನ್ನೂರ ಹದಿನಾಲ್ಕು ಕೋಟಿ ಎಪ್ಪತ್ತನಾಲ್ಕು ಲಕ್ಷ ಎಂಬತ್ತಮೂರು ಸಾವಿರದ ಆರುನೂರ ನಲವತ್ತೇಳು.

ಇದು ಹುಟ್ಟುವ ಬಗೆ ಸರಳ. ತಿಂಗಳ ಮೊದಲ ದಿನ ಡಬ್ಬಿಗೆ ಒಂದು ರಾಗಿ ಕಾಳು ಹಾಕಿ. ಮರುದಿನ ಎರಡು, ಅದರ ಮರುದಿನ ನಾಲ್ಕು, ಹೀಗೆ ದಿನವೂ ಹಿಂದಿನ ದಿನದ ಎರಡರಷ್ಟು. 31ನೇ ದಿನ ಮುಗಿದಾಗ ಡಬ್ಬಿಯಲ್ಲಿರುವ ಒಟ್ಟು ಕಾಳುಗಳೇ ಈ ಸಂಖ್ಯೆ.

ಇದೊಂದು ಅವಿಭಾಜ್ಯ ಸಂಖ್ಯೆ. 1 ಮತ್ತು ತನ್ನನ್ನು ಬಿಟ್ಟರೆ ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗುವುದಿಲ್ಲ. ಇಮ್ಮಡಿ ಲೆಕ್ಕದಲ್ಲಿ ಯಾವಾಗಲೂ ಹೀಗಾಗುತ್ತದೆ ಅಂದುಕೊಳ್ಳಬೇಡಿ. 11ನೇ ದಿನಕ್ಕೆ ನಿಲ್ಲಿಸಿದರೆ ಸಿಗುವ 2047 ಎಂಬುದು 23 ಮತ್ತು 89ರ ಗುಣಲಬ್ಧ.

ಹಾಗಾದರೆ ಕ್ಯಾಲ್ಕುಲೇಟರ್ ಇಲ್ಲದ ಕಾಲದಲ್ಲಿ ಇದನ್ನು ಖಚಿತಪಡಿಸಿಕೊಂಡದ್ದು ಹೇಗೆ? ಸಂಖ್ಯೆ ಒಡೆಯುವುದೇ ಆದರೆ ಅದರ ಒಂದು ಭಾಜಕ ವರ್ಗಮೂಲದೊಳಗೆ, ಅಂದರೆ 46,341ಕ್ಕಿಂತ ಕೆಳಗೆ ಸಿಗಲೇಬೇಕು. 1772ರಲ್ಲಿ ಲಿಯೊನಾರ್ಡ್ ಆಯ್ಲರ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಅಂಥ ಭಾಜಕವನ್ನು 248ರಿಂದ ಭಾಗಿಸಿದಾಗ 1 ಅಥವಾ 63 ಮಾತ್ರ ಉಳಿಯಬೇಕು ಎಂದು ತೋರಿಸಿದರು. ಪರೀಕ್ಷಿಸಬೇಕಾದ ಸಂಖ್ಯೆಗಳು ನಾನೂರಕ್ಕೂ ಕಡಿಮೆಯಾದವು. ಒಂದೂ ಭಾಗಿಸಲಿಲ್ಲ. ಆ ಹೊತ್ತಿಗೆ ಆಯ್ಲರ್ ಅವರಿಗೆ ಕಣ್ಣು ಹೆಚ್ಚುಕಡಿಮೆ ಕಾಣುತ್ತಿರಲಿಲ್ಲ.

1811ರಲ್ಲಿ ಇಂಗ್ಲೆಂಡಿನ ಪೀಟರ್ ಬಾರ್ಲೊ, ಈ ಸಂಖ್ಯೆಯಿಂದ ಸಿಗುವ ಪರಿಪೂರ್ಣ ಸಂಖ್ಯೆಯಂಥವುಗಳಿಂದ ಉಪಯೋಗವಿಲ್ಲ, ಅದಕ್ಕಿಂತ ದೊಡ್ಡದನ್ನು ಬಹುಶಃ ಯಾರೂ ಹುಡುಕಲಾರರು ಎಂಬರ್ಥದಲ್ಲಿ ಬರೆದರು. 2024ರಲ್ಲಿ ಸಿಕ್ಕ ಅವಿಭಾಜ್ಯ ಸಂಖ್ಯೆಗೆ ನಾಲ್ಕು ಕೋಟಿಗೂ ಹೆಚ್ಚು ಅಂಕಿಗಳಿವೆ! ಅಂತರ್ಜಾಲದಲ್ಲಿ ಗುಟ್ಟು ಕಾಯುವ ಹಲವು ವಿಧಾನಗಳು ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನೇ ನಂಬಿವೆ.

ನಮ್ಮ ಸಂಖ್ಯೆಗೂ ಬೇರೊಂದು ಕೆಲಸ ಸಿಕ್ಕಿತು. ಕಂಪ್ಯೂಟರ್ 0 ಮತ್ತು 1ರಲ್ಲಿ ಎಣಿಸುತ್ತದೆ. 32 ಮನೆಗಳಲ್ಲಿ ಒಂದನ್ನು ಧನ, ಋಣ ಚಿಹ್ನೆಗೆ ಬಿಟ್ಟು, ಉಳಿದ 31ರಲ್ಲೂ 1 ತುಂಬಿದರೆ ಇದೇ ಸಂಖ್ಯೆ. ಹಾಗಾಗಿ ಆ ಅಳತೆಯಲ್ಲಿ ಇದೇ ಗರಿಷ್ಠ. ಇದು ಅವಿಭಾಜ್ಯ ಎಂಬುದಕ್ಕೂ ಈ ಮಿತಿಗೂ ಸಂಬಂಧವಿಲ್ಲ.

ಅನೇಕ ಹಳೆಯ ವ್ಯವಸ್ಥೆಗಳು 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳನ್ನು ಇದೇ 32 ಮನೆಗಳಲ್ಲಿ ಎಣಿಸುತ್ತವೆ. 2038ರ ಜನವರಿ 19ರಂದು ಆ ಎಣಿಕೆ ನಮ್ಮ ಸಂಖ್ಯೆಯನ್ನು ಮುಟ್ಟುತ್ತದೆ. ಸರಿಪಡಿಸದ ಯಂತ್ರದಲ್ಲಿ ಮರುಕ್ಷಣ ತಾರೀಖು 1901ಕ್ಕೆ ಜಿಗಿಯಬಹುದು. 64 ಮನೆಗಳಿಗೆ ಬದಲಾಯಿಸುವುದೇ ಪರಿಹಾರ. ಆ ಕೆಲಸ ಮಾಡುವವರಲ್ಲಿ ನಿಮ್ಮಲ್ಲಿ ಕೆಲವರೂ ಇರಬಹುದು.

ಬೆಂಗಳೂರಿನಲ್ಲಿ ಆಗ ಬೆಳಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡು. ನಿಮ್ಮೂರಿನಲ್ಲಿ ಎಷ್ಟಾಗಿರುತ್ತದೆ? ಲೆಕ್ಕ ಹಾಕಿಟ್ಟುಕೊಳ್ಳಿ.